ತಾಲ್ಲೂಕು ಆಸ್ಪತ್ರೆಯೋ, ನರ್ಸಿಂಗ್ ಹೋಮೋ, ಜಿಲ್ಲೆಗೇ ಹೋಗೋದೋ?

ದಿನ ತುಂಬಿದ ಸೊಸೆ, ಎದೆ ಹಿಡಿದುಕೊಂಡು ಕೂತ ಅಪ್ಪ, ಎರಡು ವರ್ಷದಿಂದ ಮುಂದೂಡುತ್ತಲೇ ಬಂದ ಹರ್ನಿಯಾ ಆಪರೇಷನ್. ತಾಲ್ಲೂಕು ಕೇಂದ್ರದ ಸುತ್ತಮುತ್ತಲಿನ ಮನೆಗಳಲ್ಲಿ ಇವೆಲ್ಲಕ್ಕೂ ಏಳುವ ಪ್ರಶ್ನೆ ಒಂದೇ: ಎಲ್ಲಿಗೆ ಕರಕೊಂಡು ಹೋಗೋದು? ಪಕ್ಕದ ಮನೆಯವರು ಒಂದು ಹೇಳುತ್ತಾರೆ, ಬೆಂಗಳೂರಿನಲ್ಲಿರುವ ಅಣ್ಣ ಇನ್ನೊಂದು ಹೇಳುತ್ತಾರೆ. ‘ಸರ್ಕಾರಿಯಲ್ಲಿ ಯಾರೂ ನೋಡಲ್ಲ’, ‘ಪ್ರೈವೇಟಿಗೆ ಹೋದರೆ ಕೊಯ್ದೇ ಕಳಿಸ್ತಾರೆ’ ಎಂಬ ಎರಡು ಮಾತೂ ಅರ್ಧ ನಿಜ. ಆದರೆ ಆ ಅರ್ಧ ನಿಜ ಹಿಡಿದುಕೊಂಡು ತೀರ್ಮಾನ ಮಾಡಲು ಬರುವುದಿಲ್ಲ.

ಕರ್ನಾಟಕದ ಹೆಚ್ಚಿನ ತಾಲ್ಲೂಕುಗಳಲ್ಲಿ ಕೈಗೆಟಕುವ ಆಯ್ಕೆಗಳು ಐದು. ಊರಿನ ಸರ್ಕಾರಿ ತಾಲ್ಲೂಕು ಆಸ್ಪತ್ರೆ, ಬಹುತೇಕ ಕಡೆ 100 ಹಾಸಿಗೆಯದು. ಅದೇ ಊರಿನ ಒಂದೆರಡು ನರ್ಸಿಂಗ್ ಹೋಮ್. ಜಿಲ್ಲಾ ಆಸ್ಪತ್ರೆ ಅಥವಾ ಅದಕ್ಕೆ ಸೇರಿದ ಸರ್ಕಾರಿ ಮೆಡಿಕಲ್ ಕಾಲೇಜು. ಕೆಲವು ಕಡೆ ಟ್ರಸ್ಟ್ ಅಥವಾ ಮಿಷನ್ ಆಸ್ಪತ್ರೆ. ಕೊನೆಯದು ದೊಡ್ಡ ಪಟ್ಟಣದ ಖಾಸಗಿ ಮೆಡಿಕಲ್ ಕಾಲೇಜು ಅಥವಾ ಕಾರ್ಪೊರೇಟ್ ಆಸ್ಪತ್ರೆ. ಇವುಗಳಲ್ಲಿ ಯಾವುದು ‘ಒಳ್ಳೆಯದು’ ಎಂದು ಕೇಳಿದರೆ ಉತ್ತರ ಸಿಗದು. ಯಾವ ಕಾಯಿಲೆಗೆ, ಯಾವ ಹೊತ್ತಿನಲ್ಲಿ, ಯಾರ ದುಡ್ಡಿನಲ್ಲಿ ಎಂದು ಕೇಳಿದರೆ ಸಿಗುತ್ತದೆ.

ಮೊದಲು ಅಳತೆಗೋಲು

ಮೊದಲನೆಯದು ಸಮಯ. ಇದನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ನಿಮಿಷದಲ್ಲಿ ಅಳೆಯಿರಿ. ಗಾಡಿ ಸಿಗುವ ಹೊತ್ತು, ಘಾಟಿಯ ತಿರುವು, ರೈಲ್ವೆ ಗೇಟು ಎಲ್ಲವೂ ಅದರಲ್ಲಿ ಸೇರಬೇಕು. ಆಸ್ಪತ್ರೆಯ ಗೇಟಿಗೆ ತಲುಪಿದ ಹೊತ್ತೂ ಲೆಕ್ಕಕ್ಕೆ ಬರುವುದಿಲ್ಲ. ಬೇಕಾದ ಚಿಕಿತ್ಸೆ ಶುರುವಾದ ಹೊತ್ತೇ ನಿಜವಾದ ಲೆಕ್ಕ.

ಎರಡನೆಯದು, ರಾತ್ರಿ ಎರಡು ಗಂಟೆಗೆ ಒಳಗೆ ಯಾರಿರುತ್ತಾರೆ ಎಂಬುದು. ಬೋರ್ಡಿನ ಮೇಲೆ ಹತ್ತು ತಜ್ಞರ ಹೆಸರಿದ್ದರೂ ಭಾನುವಾರ ರಾತ್ರಿ ಒಬ್ಬ ಡ್ಯೂಟಿ ಡಾಕ್ಟರು ಮತ್ತು ಇಬ್ಬರು ನರ್ಸ್ ಮಾತ್ರ ಇರಬಹುದು. ಒಂದೇ ಒಂದು ಪ್ರಶ್ನೆ ಕೇಳಿ ಆಸ್ಪತ್ರೆಯ ಬಲ ತಿಳಿಯಬೇಕಿದ್ದರೆ ಕೇಳಬೇಕಾದದ್ದು ಇದು: ‘ಅರಿವಳಿಕೆ ಡಾಕ್ಟರು ರಾತ್ರಿ ಎಲ್ಲಿರುತ್ತಾರೆ?’ ಜನ ಸರ್ಜನ್ ಹೆಸರು ಕೇಳುತ್ತಾರೆ, ಹೆರಿಗೆ ಡಾಕ್ಟರ ಹೆಸರು ಕೇಳುತ್ತಾರೆ. ಆದರೆ ಅರಿವಳಿಕೆ ತಜ್ಞರಿಲ್ಲದೆ ಆ ಇಬ್ಬರೂ ಚಾಕು ಹಿಡಿಯುವಂತಿಲ್ಲ. ಉಸಿರು ನಿಲ್ಲುತ್ತಿರುವ ರೋಗಿಯ ಗಂಟಲಿಗೆ ಕೊಳವೆ ಇಳಿಸುವುದರಲ್ಲಿ ಅತ್ಯಂತ ಪಳಗಿದ ಕೈಯೂ ಅವರದೇ. ಬಹಳಷ್ಟು ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ತಜ್ಞರು ಒಬ್ಬರೇ. ಒಬ್ಬ ಮನುಷ್ಯ ತಿಂಗಳಿಗೆ ಮೂವತ್ತು ರಾತ್ರಿ ಎಚ್ಚರವಾಗಿರಲು ಆಗುವುದಿಲ್ಲ. ಅವರು ರಜೆ ಹೋದ ದಿನ ಸಿಸೇರಿಯನ್ ಎಲ್ಲವೂ ಜಿಲ್ಲೆಗೆ ರೆಫರ್ ಆಗುತ್ತವೆ. ನರ್ಸಿಂಗ್ ಹೋಮ್‌ಗಳ ಕಥೆಯೂ ಬೇರೆಯಲ್ಲ. ಊರಿನ ನಾಲ್ಕು ನರ್ಸಿಂಗ್ ಹೋಮ್‌ಗಳಿಗೆ ಒಬ್ಬರೇ ಅರಿವಳಿಕೆ ತಜ್ಞರು ಓಡಾಡುವುದು ಸಾಮಾನ್ಯ.

ಮೂರನೆಯದು ರಕ್ತ, ಲ್ಯಾಬ್, ಸ್ಕ್ಯಾನ್. ರಕ್ತನಿಧಿಗೂ ರಕ್ತ ಶೇಖರಣಾ ಘಟಕಕ್ಕೂ ವ್ಯತ್ಯಾಸವಿದೆ. ರಕ್ತನಿಧಿಯಲ್ಲಿ ದಾನಿಗಳಿಂದ ರಕ್ತ ತೆಗೆದು, ಪರೀಕ್ಷಿಸಿ, ಬೇರ್ಪಡಿಸಿ ಇಡುತ್ತಾರೆ. ಶೇಖರಣಾ ಘಟಕದಲ್ಲಿ ಇರುವುದು ಬೇರೆಡೆಯಿಂದ ತಂದು ಫ್ರಿಜ್‌ನಲ್ಲಿಟ್ಟ ಕೆಲವು ಚೀಲ ಮಾತ್ರ. ನೆಗೆಟಿವ್ ಗುಂಪಿನವರಿಗೆ ಈ ವ್ಯತ್ಯಾಸವೇ ನಿರ್ಣಾಯಕ.

ನಾಲ್ಕನೆಯದು ದುಡ್ಡು. ಬಿಲ್ ಎಷ್ಟಾಗುತ್ತದೆ ಎನ್ನುವುದಕ್ಕಿಂತ ಅದರಲ್ಲಿ ನಮ್ಮ ಜೇಬಿನಿಂದ ಹೋಗುವುದೆಷ್ಟು ಎಂಬುದು ಮುಖ್ಯ. ಐದನೆಯದನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ: ಡಿಸ್ಚಾರ್ಜ್ ಆದ ಮೇಲೆ ಎಷ್ಟು ಸಲ ಹೋಗಬೇಕು? ಒಂದು ಸಲ ಮುಗಿಯುವ ಕೆಲಸಕ್ಕೆ ದೂರ ಹೋಗಬಹುದು. ವಾರಕ್ಕೆ ಮೂರು ಸಲದ ಕೆಲಸಕ್ಕೆ ಆಗುವುದಿಲ್ಲ.

ಐದು ಬಾಗಿಲು, ಐದು ಸ್ವಭಾವ

ತಾಲ್ಲೂಕು ಆಸ್ಪತ್ರೆಯ ದೊಡ್ಡ ಬಲವೆಂದರೆ ಹತ್ತಿರ ಇರುವುದು, ಮತ್ತು ದುಡ್ಡು ಕೇಳದೆ ಚಿಕಿತ್ಸೆ ಶುರು ಮಾಡುವುದು. ಸ್ತ್ರೀರೋಗ, ಮಕ್ಕಳು, ಶಸ್ತ್ರಚಿಕಿತ್ಸೆ, ಮೂಳೆ, ಕಣ್ಣು, ಕಿವಿ-ಮೂಗು-ಗಂಟಲು, ಹಲ್ಲು, ಇವಕ್ಕೆಲ್ಲ ಹುದ್ದೆಗಳಿರುತ್ತವೆ, ಆದರೆ ಎಲ್ಲವೂ ಭರ್ತಿಯಾಗಿರುವುದಿಲ್ಲ. ಹುದ್ದೆಗೊಬ್ಬರಂತೆ ಇರುವುದರಿಂದ ವರ್ಗಾವಣೆಯೊಂದು ಬಂದರೆ ಇಡೀ ವಿಭಾಗವೇ ನಿಂತುಹೋಗುತ್ತದೆ. ಹೋದ ವರ್ಷ ಪಕ್ಕದ ಮನೆಯವರಿಗೆ ಅಲ್ಲಿ ಚೆನ್ನಾಗಿ ಆಪರೇಷನ್ ಆಯಿತು ಎಂಬುದು ಈ ವರ್ಷಕ್ಕೆ ಸಾಕ್ಷಿಯಲ್ಲ. ಈ ತಿಂಗಳು ಯಾರಿದ್ದಾರೆ ಎಂದು ವಿಚಾರಿಸಿ.

ನರ್ಸಿಂಗ್ ಹೋಮ್‌ನ ಬಲವೆಂದರೆ ಒಬ್ಬರೇ ಡಾಕ್ಟರು ಮೊದಲಿನಿಂದ ಕೊನೆಯವರೆಗೆ ನೋಡುವುದು. ಕಾಯುವಿಕೆ ಕಡಿಮೆ, ಮಾತಾಡಲು ಬಿಡುವಿರುತ್ತದೆ, ಕೋಣೆ ಸಿಗುತ್ತದೆ. ದೌರ್ಬಲ್ಯವೂ ಅಲ್ಲೇ ಇದೆ. ಆ ಒಬ್ಬರು ಊರಲ್ಲಿಲ್ಲದಿದ್ದರೆ ರಾತ್ರಿ ಡ್ಯೂಟಿಯಲ್ಲಿ ಇರುವವರು ಯಾರು, ಅವರ ಓದು ಯಾವ ಪದ್ಧತಿಯದು? ಇದನ್ನು ಕೇಳಲು ಸಂಕೋಚ ಬೇಡ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಪ್ರಕಾರ ನೋಂದಣಿ ಪತ್ರ ಮತ್ತು ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಿರಬೇಕು. ತುರ್ತು ಹೊತ್ತಿನಲ್ಲಿ ಮುಂಗಡ ಕಟ್ಟದಿದ್ದರೂ ಪ್ರಥಮ ಚಿಕಿತ್ಸೆ ಕೊಡಲೇಬೇಕು. ಗೋಡೆಯ ಮೇಲೆ ನೋಂದಣಿ ಪತ್ರ, ದರಪಟ್ಟಿ ಎರಡೂ ಇಲ್ಲದ ಕಡೆ ಎಚ್ಚರ ವಹಿಸಿ.

ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜಿಗೆ, ಅಂದರೆ ಹುಬ್ಬಳ್ಳಿ, ಬಳ್ಳಾರಿ, ಮಂಡ್ಯ, ಹಾಸನ, ಶಿವಮೊಗ್ಗ, ರಾಯಚೂರು, ಬೀದರ್, ಕಾರವಾರದಂಥ ಕಡೆಗೆ ಹೋದರೆ ಗದ್ದಲವಿರುತ್ತದೆ, ಸರದಿಯಿರುತ್ತದೆ, ನೆಲದ ಮೇಲೆ ಹಾಸಿಗೆ ಹಾಕುವ ದಿನಗಳೂ ಇರುತ್ತವೆ. ಆದರೆ ಮಧ್ಯರಾತ್ರಿಯಲ್ಲೂ ಪ್ರತಿ ವಿಭಾಗದಲ್ಲಿ ಒಬ್ಬರಾದರೂ ಎಚ್ಚರವಿರುತ್ತಾರೆ. ಸಿಟಿ ಸ್ಕ್ಯಾನ್, ರಕ್ತನಿಧಿ, ವೆಂಟಿಲೇಟರ್ ಒಂದೇ ಆವರಣದಲ್ಲಿ ಸಿಗುತ್ತವೆ. ಮೊದಲು ನೋಡುವವರು ಪಿಜಿ ವಿದ್ಯಾರ್ಥಿ, ಅಂದರೆ ಎಂಬಿಬಿಎಸ್ ಮುಗಿಸಿ ತಜ್ಞರಾಗಲು ಓದುತ್ತಿರುವ ಡಾಕ್ಟರು, ಎಂದು ಬೇಸರಪಡುವವರಿದ್ದಾರೆ. ರಾತ್ರಿ ಮೂರಕ್ಕೆ ಎಚ್ಚರವಿರುವ ಪಿಜಿ ವಿದ್ಯಾರ್ಥಿ, ಮನೆಯಲ್ಲಿ ಮಲಗಿರುವ ಹೆಸರಾಂತ ತಜ್ಞರಿಗಿಂತ ರೋಗಿಗೆ ಹೆಚ್ಚು ಉಪಯೋಗಕ್ಕೆ ಬರುತ್ತಾರೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಟ್ರಸ್ಟ್ ಮತ್ತು ಮಿಷನ್ ಆಸ್ಪತ್ರೆಗಳು ಸರ್ಕಾರಿ ಮತ್ತು ಖಾಸಗಿಯ ನಡುವೆ ನಿಲ್ಲುತ್ತವೆ. ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆ ಕಾಡಂಚಿನ ಜನರಿಗೆ ಮಾಡುತ್ತಿರುವ ಕೆಲಸ ಇದಕ್ಕೆ ಉದಾಹರಣೆ. ದರ ಹಿತಮಿತ, ಶುಶ್ರೂಷೆ ಚೆನ್ನಾಗಿರುತ್ತದೆ. ಎಲ್ಲ ವಿಭಾಗಗಳೂ ಇರುವುದಿಲ್ಲ, ಅಷ್ಟೆ. ಹತ್ತಿರದಲ್ಲಿ ಇಂಥದೊಂದಿದ್ದರೆ ಮೊದಲು ಅಲ್ಲಿ ವಿಚಾರಿಸುವುದು ಲೇಸು.

ಖಾಸಗಿ ಮೆಡಿಕಲ್ ಕಾಲೇಜಿನ ಬಗ್ಗೆ ಬಹಳ ಜನಕ್ಕೆ ತಿಳಿಯದ ಸಂಗತಿಯೊಂದಿದೆ. ಪಾಠ ಹೇಳಲು ಕಾಲೇಜಿಗೆ ಒಳರೋಗಿಗಳು ಬೇಕು, ಹಾಸಿಗೆ ತುಂಬಿರಬೇಕೆಂಬ ನಿಯಮವೂ ಇದೆ. ಹಾಗಾಗಿ ಎಷ್ಟೋ ಕಡೆ ಜನರಲ್ ವಾರ್ಡಿನಲ್ಲಿ ಹಾಸಿಗೆ ಮತ್ತು ಡಾಕ್ಟರ ಶುಲ್ಕ ಉಚಿತ ಅಥವಾ ತೀರಾ ಕಡಿಮೆ. ಔಷಧಿ ಮತ್ತು ಪರೀಕ್ಷೆಗೆ ಮಾತ್ರ ದುಡ್ಡು. ಅದೇ ಆವರಣದ ‘ಸ್ಪೆಷಲ್’ ಬ್ಲಾಕಿನಲ್ಲಿ ಅದೇ ಆಪರೇಷನ್‌ಗೆ ಹಲವು ಪಟ್ಟು ಬಿಲ್ಲಾಗಬಹುದು. ಯಾವ ಕೌಂಟರಿನಲ್ಲಿ ಚೀಟಿ ಮಾಡಿಸುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ.

ಹೆರಿಗೆಗೆ ಎಲ್ಲಿಗೆ

ತಾಲ್ಲೂಕು ಮಟ್ಟದಲ್ಲಿ ಅತ್ಯಂತ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಉತ್ತರವನ್ನು ಏಳನೇ ತಿಂಗಳೊಳಗೆ ತೀರ್ಮಾನಿಸಬೇಕು. ನೋವು ಬಂದ ಮೇಲೆ ಆಯ್ಕೆ ಮಾಡಲು ಹೊರಟರೆ ಆಯ್ಕೆಯೇ ಉಳಿದಿರುವುದಿಲ್ಲ.

ತಾಯಿ ಕಾರ್ಡ್ ತೆಗೆದು ನೋಡಿ. ಮೊದಲ ಹೆರಿಗೆ ಸಹಜವಾಗಿ ಆಗಿದೆ, ಬಿಪಿ ಸರಿಯಿದೆ, ಹಿಮೋಗ್ಲೋಬಿನ್ 11ರ ಮೇಲಿದೆ, ಒಂದೇ ಮಗು, ತಲೆ ಕೆಳಗಿದೆ ಎಂದಾದರೆ ತಾಲ್ಲೂಕು ಆಸ್ಪತ್ರೆ ಸಾಕು. ಅರಿವಳಿಕೆ ತಜ್ಞರ ಪ್ರಶ್ನೆಯೊಂದಕ್ಕೆ ಒಪ್ಪುವ ಉತ್ತರ ಸಿಕ್ಕಿರಬೇಕು, ಅಷ್ಟೇ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ ಎಲ್ಲವೂ ಉಚಿತ. ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ ಬಾಣಂತಿಗೆ ಊಟವೂ ಉಚಿತ. ಮನೆಗೆ ಬಿಡಲು ನಗು-ಮಗು ವಾಹನವಿದೆ. ಯಾರಾದರೂ ದುಡ್ಡು ಕೇಳಿದರೆ ಆಡಳಿತ ವೈದ್ಯಾಧಿಕಾರಿಗೆ ಹೇಳಿ, ಅಥವಾ 104ಕ್ಕೆ ಕರೆ ಮಾಡಿ.

ಇನ್ನು, ತಾಲ್ಲೂಕಿನಲ್ಲೂ ಊರಿನ ನರ್ಸಿಂಗ್ ಹೋಮ್‌ನಲ್ಲೂ ನಿಲ್ಲದೆ ನೇರ ಜಿಲ್ಲೆಗೆ ಹೋಗಬೇಕಾದವರು ಯಾರು? ಬಿಪಿ 140/90 ದಾಟುತ್ತಿರುವವರು. ಎರಡು ಸಲ ಸಿಸೇರಿಯನ್ ಆದವರು. ಅವಳಿ ಇರುವವರು. ಕಸ (ಮಾಸು) ಕೆಳಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂದವರು. ಹೃದಯದ ತೊಂದರೆ ಇರುವವರು. 34 ವಾರಕ್ಕೆ ಮುಂಚೆಯೇ ನೋವು ಶುರುವಾದವರು. ಕೊನೆಯದರ ಕಾರಣ ಮಗು. ತಾಲ್ಲೂಕು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಇರುವುದು ನವಜಾತ ಶಿಶುವನ್ನು ಸ್ಥಿರಗೊಳಿಸುವ ಸಣ್ಣ ಘಟಕ. 1,800 ಗ್ರಾಂಗಿಂತ ಕಡಿಮೆ ತೂಕದ ಕೂಸಿಗೆ ಜಿಲ್ಲೆಯಲ್ಲಿರುವ ವಿಶೇಷ ನವಜಾತ ಶಿಶು ಘಟಕ ಬೇಕು. ಹುಟ್ಟಿದ ಮೇಲೆ ಆಂಬುಲೆನ್ಸ್‌ನಲ್ಲಿ ಅರವತ್ತು ಕಿಲೋಮೀಟರ್ ಸಾಗುವ ಕೂಸು ದಾರಿಯಲ್ಲಿ ತಣ್ಣಗಾಗುತ್ತದೆ, ಸಕ್ಕರೆ ಇಳಿಯುತ್ತದೆ. ತಾಯಿಯ ಹೊಟ್ಟೆಯೊಳಗಿದ್ದು ಸಾಗುವ ಕೂಸಿಗೆ ಆ ಭಯವಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಹೊರಡುವ ಮುನ್ನ ಮಗುವಿನ ಶ್ವಾಸಕೋಶ ಬಲಿಯಲು ಕೊಡುವ ಡೆಕ್ಸಾಮೆಥಸೋನ್ ಚುಚ್ಚುಮದ್ದು ಆಗಿದೆಯೇ ಎಂದು ಕೇಳಿ, ಕೊಟ್ಟ ಹೊತ್ತನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. 12 ಗಂಟೆಗೊಂದರಂತೆ ನಾಲ್ಕು ಡೋಸ್ ಆಗಬೇಕು. ಮುಂದಿನ ಆಸ್ಪತ್ರೆಯವರಿಗೆ ಎಷ್ಟಾಗಿದೆ ಎಂಬುದು ಗೊತ್ತಿರಬೇಕು.

ನರ್ಸಿಂಗ್ ಹೋಮ್ ಆರಿಸುವವರು ಡಾಕ್ಟರನ್ನು ಮೂರು ವಿಷಯ ನೇರವಾಗಿ ಕೇಳಬಹುದು. ತುರ್ತು ಸಿಸೇರಿಯನ್ ತೀರ್ಮಾನವಾದರೆ ಎಷ್ಟು ಹೊತ್ತಿನಲ್ಲಿ ಶುರುವಾಗುತ್ತದೆ? ಅರ್ಧ ಗಂಟೆ ಒಳ್ಳೆಯ ಗುರಿ. ಮಗು ಹುಟ್ಟುವಾಗ ಮಕ್ಕಳ ಡಾಕ್ಟರು ಒಳಗೇ ಇರುತ್ತಾರೆಯೇ, ಕರೆಸಬೇಕೇ? ಹೆರಿಗೆಯಾದ ಮೇಲೆ ವಿಪರೀತ ರಕ್ತ ಹೋದರೆ ರಕ್ತ ಎಲ್ಲಿಂದ, ಎಷ್ಟು ನಿಮಿಷದಲ್ಲಿ ಬರುತ್ತದೆ? ಹೊಂದಾಣಿಕೆಯ ಪರೀಕ್ಷೆಗೇ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ, ರಕ್ತ ಬೇರೆ ಊರಿನಲ್ಲಿದ್ದರೆ ದಾರಿಯೂ ಕೂಡುತ್ತದೆ. ಸಿಸೇರಿಯನ್ ಬಗ್ಗೆ ಅನುಮಾನವಿರುವವರು ‘ನಾರ್ಮಲ್ ಮಾಡಿಸ್ತೀರಾ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ‘ಹೋದ ತಿಂಗಳು ಎಷ್ಟು ಹೆರಿಗೆ, ಅದರಲ್ಲಿ ಸಿಸೇರಿಯನ್ ಎಷ್ಟು?’ ಎಂದು ಕೇಳಿ.

ಎದೆನೋವು, ಲಕ್ವ, ಹಾವು

ಎದೆನೋವು ಬಂದಾಗ ‘ದೊಡ್ಡಾಸ್ಪತ್ರೆಗೇ ಹೋಗೋಣ’ ಎಂದು ಎರಡು ಗಂಟೆ ಕಾರು ಓಡಿಸುವುದು ನಮ್ಮ ಕಡೆ ಆಗುವ ಅತಿ ದುಬಾರಿ ತಪ್ಪು. ಮೊದಲು ಬೇಕಾದದ್ದು ಇಸಿಜಿ. ಒಳಗೆ ಕಾಲಿಟ್ಟ 10 ನಿಮಿಷದೊಳಗೆ ಅದು ಆಗಬೇಕು. ಇಸಿಜಿಯಲ್ಲಿ ರಕ್ತನಾಳ ಪೂರ್ತಿ ಕಟ್ಟಿಕೊಂಡಿರುವುದು ಕಂಡರೆ ದಾರಿ ಎರಡು. 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ (ಬಲೂನಿನಿಂದ ರಕ್ತನಾಳ ತೆರೆಯುವುದು) ಆಗುವಂತಿದ್ದರೆ ಅದು. ಆಗದಿದ್ದರೆ ಇದ್ದಲ್ಲೇ ಹೆಪ್ಪು ಕರಗಿಸುವ ಚುಚ್ಚುಮದ್ದು, ಆಮೇಲೆ ಸಾಗಣೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದಕ್ಕೆಂದೇ ಬಂದದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ಕೇಂದ್ರದ ಹೃದ್ರೋಗ ತಜ್ಞರು ನೋಡಿ ಸೂಚನೆ ಕೊಡುತ್ತಾರೆ, ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಹಾಕುತ್ತಾರೆ. ಹೊರಗೆ ಕೊಂಡರೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಹಾಗಾಗಿ ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವಕ್ಕೋ ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾಥ್‌ಲ್ಯಾಬ್ ಇರುವ ಇನ್ನೊಂದಕ್ಕೋ ಒಂದು ಗಂಟೆಯೊಳಗೆ ಮುಟ್ಟುವವರು ನೇರ ಹೋಗಬಹುದು. ಉಳಿದವರು ಮೊದಲು ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೇ ಹೋಗಬೇಕು. ಇಸಿಜಿ ಒಂದು ಸಲ ಸರಿ ಬಂದರೂ ನೋವು ಇದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಸಿ. ‘ಗ್ಯಾಸ್ಟ್ರಿಕ್’ ಎಂದು ಮನೆಗೆ ಕಳಿಸಿದ ಎಷ್ಟೋ ಪ್ರಕರಣಗಳಲ್ಲಿ ತಪ್ಪಿದ್ದು ಈ ಎರಡನೇ ಇಸಿಜಿ. ಚುಚ್ಚುಮದ್ದು ಆದ ಮೇಲೆ ನೋವು ಇಳಿಯಿತೆಂದು ಮನೆಗೆ ಹೋಗುವಂತಿಲ್ಲ. 3ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ ಆಗಬೇಕು.

ಲಕ್ವದ ಲೆಕ್ಕ ಇದಕ್ಕೆ ತಿರುವುಮುರುವು. ಬಾಯಿ ಸೊಟ್ಟಗಾದರೆ, ಕೈ ಬಿದ್ದರೆ, ಮಾತು ತೊದಲಿದರೆ ಬೇಕಾದದ್ದು ಸಿಟಿ ಸ್ಕ್ಯಾನ್. ಮೆದುಳಲ್ಲಿ ರಕ್ತ ಕಟ್ಟಿದೆಯೋ ಸೋರಿದೆಯೋ ಎಂದು ನೋಡದೆ ಹೆಪ್ಪು ಕರಗಿಸುವ ಮದ್ದು ಕೊಡುವಂತಿಲ್ಲ. ಆ ಮದ್ದಿಗೆ ಇರುವ ಅವಧಿ 4.5 ಗಂಟೆ. ರೋಗಿ ಕೊನೆಯ ಬಾರಿ ಸರಿಯಾಗಿದ್ದ ಹೊತ್ತಿನಿಂದ ಎಣಿಸಬೇಕು. ಬೆಳಗ್ಗೆ ಎದ್ದಾಗ ಕೈ ಬಿದ್ದಿದ್ದರೆ ರಾತ್ರಿ ಮಲಗಿದ ಹೊತ್ತಿನಿಂದ. ಸ್ಕ್ಯಾನ್ ಇಲ್ಲದ ಆಸ್ಪತ್ರೆಯಲ್ಲಿ ಅರ್ಧ ಗಂಟೆ ಕಳೆಯುವುದು ನಷ್ಟ. ಸಿಟಿ ಸ್ಕ್ಯಾನ್ ಮತ್ತು ಆ ಮದ್ದು ಎರಡೂ ಇರುವ ಅತಿ ಹತ್ತಿರದ ಜಾಗ ಯಾವುದೆಂದು ಇವತ್ತೇ ತಿಳಿದಿಟ್ಟುಕೊಳ್ಳಿ. ರೋಗಿ ಉಸಿರಾಡುತ್ತಿದ್ದರೆ ನೇರ ಅಲ್ಲಿಗೆ ಹೋಗಿ. ಬಾಯಿಗೆ ನೀರು ಬಿಡಬೇಡಿ, ಮನೆಯಲ್ಲಿ ಬಿಪಿ ಮಾತ್ರೆ ಕೊಡಬೇಡಿ.

ಹಾವು ಕಚ್ಚಿದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ವಿಷನಿರೋಧಕ ಅಲ್ಲಿ ಉಚಿತ. ಇದರಲ್ಲಿ ಎರಡನೇ ಮಾತಿಲ್ಲ. ಆದರೆ ಆಸ್ಪತ್ರೆಯಲ್ಲಿ ‘ಇಂಜೆಕ್ಷನ್ ಇದೆಯಾ’ ಎಂಬ ಪ್ರಶ್ನೆ ಸಾಲದು. 10 ಮಿಲಿಯ 8ರಿಂದ 10 ಸೀಸೆ ಮೊದಲ ಸುತ್ತಿಗೇ ಬೇಕಾಗುತ್ತದೆ. ಕೊಳಕುಮಂಡಲದ ಕಡಿತದಲ್ಲಿ 6 ಗಂಟೆಯ ಬಳಿಕವೂ ರಕ್ತ ಹೆಪ್ಪುಗಟ್ಟದಿದ್ದರೆ ಮತ್ತೆ ಅಷ್ಟೇ ಬೇಕಾಗಬಹುದು. 2 ಮಿಲಿ ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು ಹೆಪ್ಪುಗಟ್ಟಿತೇ ಎಂದು ನೋಡುವ ಪರೀಕ್ಷೆಗೆ ಯಾವ ಯಂತ್ರವೂ ಬೇಡ, ಅದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾಡಬಹುದು. ನಾಗರಹಾವು, ಕಟ್ಟುಹಾವಿನ ಕಡಿತವಾದರೆ ವಿಷಯ ಬೇರೆ. ರೆಪ್ಪೆ ಜೋತು ಬೀಳುವುದು, ನುಂಗಲಾಗದಿರುವುದು ಶುರುವಾದರೆ ಮುಂದಿನ ಹಂತ ಉಸಿರು ನಿಲ್ಲುವುದು. ವಿಷನಿರೋಧಕದ ಮೊದಲ ಸುತ್ತು ಶುರುವಾದ ಕೂಡಲೇ ವೆಂಟಿಲೇಟರ್ ಇರುವ ಕಡೆ ಸಾಗಿಸಬೇಕು. ಗಾಡಿಯಲ್ಲಿ ಕೃತಕ ಉಸಿರು ಕೊಡಬಲ್ಲವರು ಇರಲೇಬೇಕು. ಮಲೆನಾಡಿನ ತೋಟಗಳಲ್ಲಿ ಕಚ್ಚುವ, ಮೂಗು ಉಬ್ಬಿದ ಮಂಡಲದ ಹಾವಿಗೆ ನಮ್ಮಲ್ಲಿ ಸಿಗುವ ವಿಷನಿರೋಧಕ ಕೆಲಸ ಮಾಡುವುದಿಲ್ಲ. ಅಲ್ಲಿ ಕಾಯಬೇಕಾದದ್ದು ಮೂತ್ರಪಿಂಡವನ್ನು. ಅಂಥ ರೋಗಿಗೆ ಡಯಾಲಿಸಿಸ್ ಇರುವ ಆಸ್ಪತ್ರೆಯೇ ಸರಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಖಾಸಗಿ ಆಸ್ಪತ್ರೆಗಳೂ ಸರ್ಕಾರಕ್ಕೆ ವರದಿ ಮಾಡಬೇಕು. ಕಡಿತದ ಜಾಗ ಮತ್ತು ಹೊತ್ತನ್ನು ದಾಖಲೆಯಲ್ಲಿ ಬರೆಸಿ.

ಕಾಯಬಹುದಾದ ಆಪರೇಷನ್‌ಗಳು

ಹರ್ನಿಯಾ, ಮೂಲವ್ಯಾಧಿ, ಕಣ್ಣಿನ ಪೊರೆ, ಸಂತಾನಹರಣ ಶಸ್ತ್ರಚಿಕಿತ್ಸೆಗಳಿಗೆ, ಬೇರೆ ಕಾಯಿಲೆಗಳಿಲ್ಲದವರಿಗೆ ತಾಲ್ಲೂಕು ಆಸ್ಪತ್ರೆ ಒಳ್ಳೆಯ ಜಾಗ. ಅಲ್ಲಿ ಆಪರೇಷನ್‌ಗೆ ವಾರದಲ್ಲಿ ನಿಗದಿತ ದಿನಗಳಿರುತ್ತವೆ, ಆ ದಿನ ಅರಿವಳಿಕೆ ತಜ್ಞರೂ ಇರುತ್ತಾರೆ. ಹಗಲು ಮಾಡುವ ಕೆಲಸಕ್ಕೆ ರಾತ್ರಿಯ ಕೊರತೆ ಅಷ್ಟಾಗಿ ತಟ್ಟುವುದಿಲ್ಲ. ಆಪರೇಷನ್ ರದ್ದಾಗಿ ವಾಪಸ್ ಬರುವುದಕ್ಕೆ ಮಾಮೂಲು ಕಾರಣಗಳು ಗೊತ್ತಿದ್ದರೆ ಅಲೆದಾಟ ತಪ್ಪುತ್ತದೆ: ಬೆಳಗ್ಗೆ ಟೀ ಕುಡಿದು ಬಂದಿರುವುದು, ಸಕ್ಕರೆ ಹತೋಟಿಯಲ್ಲಿ ಇಲ್ಲದಿರುವುದು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು ಹೇಳದಿರುವುದು, ಹರ್ನಿಯಾದ ಬಲೆ ದಾಸ್ತಾನಿಲ್ಲದಿರುವುದು. ಕೊನೆಯದನ್ನು ಹಿಂದಿನ ದಿನವೇ ಕೇಳಬಹುದು.

ಹೃದಯದ ತೊಂದರೆ, ಮೂತ್ರಪಿಂಡದ ತೊಂದರೆ, ವಿಪರೀತ ಸ್ಥೂಲಕಾಯ ಇರುವವರಿಗೆ ಸಣ್ಣ ಆಪರೇಷನ್ ಆದರೂ ಐಸಿಯು ಇರುವ ಕಡೆಯೇ ಆಗಬೇಕು. ಉದರದರ್ಶಕದಲ್ಲಿ (ಲ್ಯಾಪರೊಸ್ಕೋಪಿ) ಪಿತ್ತಕೋಶ ತೆಗೆಸುವುದು, ಮಂಡಿ ಕೀಲು ಬದಲಾವಣೆ, ಕ್ಯಾನ್ಸರ್, ಇವು ಜಿಲ್ಲೆ ಅಥವಾ ಅದಕ್ಕೂ ಮೇಲಿನ ಕೆಲಸ.

ಗರ್ಭಕೋಶ ತೆಗೆಸಬೇಕೆಂದು ಹೇಳಿದರೆ ಬೇರೆ ಆಸ್ಪತ್ರೆಯ, ಆಪರೇಷನ್‌ನಿಂದ ಲಾಭವಿಲ್ಲದ ಇನ್ನೊಬ್ಬ ಸ್ತ್ರೀರೋಗ ತಜ್ಞರಿಗೆ ತೋರಿಸದೆ ಒಪ್ಪಬೇಡಿ. ಸರ್ಕಾರಿ ಮೆಡಿಕಲ್ ಕಾಲೇಜು ಇದಕ್ಕೆ ಹೇಳಿಮಾಡಿಸಿದ ಜಾಗ. ಬಿಳಿ ಮುಟ್ಟಿಗೆ, ಸೊಂಟನೋವಿಗೆ, ‘ಮುಂದೆ ಕ್ಯಾನ್ಸರ್ ಆಗಬಹುದು’ ಎಂಬ ಹೆದರಿಕೆಗೆ ಗರ್ಭಕೋಶ ತೆಗೆಸುವುದಿಲ್ಲ. ಹೆಚ್ಚು ರಕ್ತಸ್ರಾವಕ್ಕೆ ಮಾತ್ರೆಯಿದೆ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ವಂಕಿಯಿದೆ. ಮೊದಲು ಒಳಪದರದ ತುಣುಕು ಪರೀಕ್ಷೆಯಾಗಬೇಕು.

ಸಕ್ಕರೆ ಕಾಯಿಲೆ, ಬಿಪಿಗೆ ಹೆಚ್ಚು ಹೇಳಬೇಕಾದ್ದಿಲ್ಲ. ನಡೆದುಹೋಗುವಷ್ಟು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಪರಿಚಯದ ಡಾಕ್ಟರು ಸಾಕು. ಮೂರು ತಿಂಗಳ ಸರಾಸರಿ ಸಕ್ಕರೆ, ವರ್ಷಕ್ಕೊಮ್ಮೆ ಕಣ್ಣಿನ ಹಿಂಪದರ, ಮೂತ್ರದ ಪ್ರೋಟೀನ್, ಪಾದ, ಈ ನಾಲ್ಕು ಪರೀಕ್ಷೆಗಳಿಗೆ ಮಾತ್ರ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋದರಾಯಿತು.

ಡಯಾಲಿಸಿಸ್ ಆದರೆ ದೂರವೇ ಎಲ್ಲಕ್ಕಿಂತ ಮುಖ್ಯ. ವಾರಕ್ಕೆ ಮೂರು ಸಲವೆಂದರೆ ವರ್ಷಕ್ಕೆ 156 ಪ್ರಯಾಣ, ಪ್ರತಿ ಸಲ ಯಂತ್ರದ ಮೇಲೆ 4 ಗಂಟೆ. ತಾಲ್ಲೂಕು ಆಸ್ಪತ್ರೆಯ ಉಚಿತ ಘಟಕದಲ್ಲಿ ಜಾಗ ಸಿಕ್ಕರೆ ಬಿಡಬೇಡಿ. ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಎರಡು ರಕ್ತನಾಳ ಜೋಡಿಸುವುದು) ಮಾಡಿಸಲು ಮಾತ್ರ ಮೆಡಿಕಲ್ ಕಾಲೇಜಿಗೆ ಹೋಗಬೇಕಾದೀತು. ಅದು ಬಲಿಯಲು 6ರಿಂದ 8 ವಾರ ಬೇಕು, ಹಾಗಾಗಿ ಮೂತ್ರಪಿಂಡ ಪೂರ್ತಿ ಕೈಕೊಡುವ ಮುಂಚೆಯೇ ಮಾಡಿಸಿಕೊಳ್ಳಿ. ಘಟಕ ಆರಿಸುವಾಗ ಹೆಪಟೈಟಿಸ್ ಇರುವವರಿಗೆ ಬೇರೆ ಯಂತ್ರವಿದೆಯೇ, ರಕ್ತ ಸೋಸುವ ಡಯಲೈಸರನ್ನು ಒಬ್ಬರಿಗೆ ಎಷ್ಟು ಸಲ ಬಳಸುತ್ತಾರೆ ಎಂದು ಕೇಳಿ.

ಯಾರ ಜೇಬಿನಿಂದ

ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರದ) ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಪ್ಯಾಕೇಜ್ 1 ಲಕ್ಷವಿದ್ದರೆ 70 ಸಾವಿರ ನಿಮ್ಮದು. ಇಲ್ಲಿ ಜನ ಎಡವುವುದು ಒಂದೇ ಕಡೆ: ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಸರ್ಕಾರಿಯಲ್ಲೇ ಆಗುವ ಸಾಮಾನ್ಯ ಆಪರೇಷನ್‌ಗಳಿಗೆ ಆ ರೆಫರಲ್ ಸಿಗುವುದಿಲ್ಲ. ಮೊದಲು ಖಾಸಗಿಯಲ್ಲಿ ಸೇರಿಕೊಂಡು ಆಮೇಲೆ ಚೀಟಿ ತರಲು ಓಡಿದರೆ ದಾರಿ ಮುಚ್ಚಿರುತ್ತದೆ. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ರೆಫರಲ್ ಬೇಡ, ಆದರೆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿರಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರು ಇರುತ್ತಾರೆ. ಬಿಲ್ಲಿಂಗ್ ಕೌಂಟರಿಗೆ ಮುಂಚೆ ಅವರನ್ನು ಹುಡುಕಿ, ಪಡಿತರ ಚೀಟಿ ಮತ್ತು ಆಧಾರ್ ತೋರಿಸಿ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ, ಅದರ ಮಿತಿಯೂ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಕಾಯಿಲೆ ಬಂದ ಮೇಲೆ ಸೇರಲು ಬರುವುದಿಲ್ಲ, ನೋಂದಣಿಯ ತಿಂಗಳುಗಳಲ್ಲಿ ಸಂಘದಲ್ಲಿ ವಿಚಾರಿಸಬೇಕು. ಸಂಬಳ 21,000 ರೂಪಾಯಿಯೊಳಗಿರುವ ಕಾರ್ಖಾನೆ, ಅಂಗಡಿ ನೌಕರರು ಇಎಸ್‌ಐ ಇದೆಯೇ ಎಂದು ನೋಡಿಕೊಳ್ಳಲಿ. ಅಪ್ಪ-ಅಮ್ಮನಿಗೂ ಅದು ಸಲ್ಲಬಹುದು.

ಖಾಸಗಿ ವಿಮೆ ಇರುವವರು ಪಾಲಿಸಿಯಲ್ಲಿ ಕೋಣೆಯ ಬಾಡಿಗೆಯ ಮಿತಿ ಮೊದಲು ನೋಡಬೇಕು. 3 ಲಕ್ಷದ ಪಾಲಿಸಿ, ಮಿತಿ ಶೇ 1 ಎಂದಿದ್ದರೆ ದಿನಕ್ಕೆ 3,000. ನೀವು 6,000ದ ಕೋಣೆ ಹಿಡಿದರೆ ಹೆಚ್ಚುವರಿ ಬಾಡಿಗೆಯಷ್ಟೇ ಕಡಿತವಾಗುವುದಲ್ಲ. ಡಾಕ್ಟರ ಶುಲ್ಕ, ಆಪರೇಷನ್ ಥಿಯೇಟರ್ ಶುಲ್ಕವೂ ಅದೇ ಪ್ರಮಾಣದಲ್ಲಿ ಅರ್ಧಕ್ಕಿಳಿಯುತ್ತದೆ. ಔಷಧಿ ಮತ್ತು ದೇಹದೊಳಗೆ ಕೂರಿಸುವ ಇಂಪ್ಲಾಂಟಿಗೆ ಈ ಕಡಿತ ತಟ್ಟುವುದಿಲ್ಲ. ಹೆರಿಗೆಗೆ ಕಾಯುವ ಅವಧಿ ಮುಗಿದಿದೆಯೇ ಎಂಬುದನ್ನೂ ನೋಡಿ.

ಯಾವ ಯೋಜನೆಯೂ ಇಲ್ಲದ, ಕೈಯಲ್ಲಿ ಸ್ವಲ್ಪವೇ ದುಡ್ಡಿರುವ ಕುಟುಂಬಕ್ಕೆ ನಮ್ಮ ಸಲಹೆ ಹೀಗಿದೆ. ಸಣ್ಣ ಕೆಲಸಗಳನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಮುಗಿಸಿ, ದೊಡ್ಡದಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜು ಅಥವಾ ಖಾಸಗಿ ಕಾಲೇಜಿನ ಜನರಲ್ ವಾರ್ಡಿಗೆ ಹೋಗಿ. ದುಡ್ಡನ್ನು ಪ್ರಯಾಣಕ್ಕೆ, ಜೊತೆಗಿರುವವರ ಊಟಕ್ಕೆ, ಹೊರಗಿನ ಔಷಧಿಗೆ ಉಳಿಸಿಕೊಳ್ಳಿ. ಉಚಿತ ಆಸ್ಪತ್ರೆಯಲ್ಲೂ ಖರ್ಚಾಗುವುದು ಈ ಮೂರಕ್ಕೇ.

ರೆಫರ್ ಮಾಡಿದಾಗ

ಸರಿಯಾದ ಹೊತ್ತಿಗೆ ಆದರೆ ರೆಫರ್ ಮಾಡಿದ್ದೇ ಒಳ್ಳೆಯ ಚಿಕಿತ್ಸೆ. ಕೆಡುವುದು ಅದನ್ನು ಮಾಡುವ ರೀತಿಯಲ್ಲಿ. ಕಳಿಸುವ ಡಾಕ್ಟರೇ ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ ಹಾಸಿಗೆ, ತಜ್ಞರು ಇದ್ದಾರೆಂದು ಖಚಿತಪಡಿಸಬೇಕು. ಅದಾಗದೆ ಹೊರಟರೆ ಮೂರು ಆಸ್ಪತ್ರೆ ಸುತ್ತಬೇಕಾಗುತ್ತದೆ. ಚೀಟಿಯಲ್ಲಿ ಕೊಟ್ಟ ಮದ್ದು, ಕೊಟ್ಟ ಹೊತ್ತು, ಕೊನೆಯ ಬಿಪಿ ಮತ್ತು ನಾಡಿ, ರೆಫರ್ ಮಾಡಿದ ಕಾರಣ ಬರೆದಿರಲಿ. ಇಸಿಜಿ, ಸ್ಕ್ಯಾನಿಂಗ್ ವರದಿಯ ಫೋಟೋ ನಿಮ್ಮ ಫೋನಿನಲ್ಲಿರಲಿ. 108 ಗಾಡಿಗಳಲ್ಲೂ ಎರಡು ಬಗೆಯಿದೆ. ವೆಂಟಿಲೇಟರ್ ಇರುವುದು ಉನ್ನತ ಮಟ್ಟದ್ದರಲ್ಲಿ ಮಾತ್ರ. ಉಸಿರಿನ ತೊಂದರೆ ಇರುವ ರೋಗಿಗೆ ಅದನ್ನೇ ಕೇಳಿ ತರಿಸಿ. ಆಸ್ಪತ್ರೆಯ ದಾಖಲೆಗಳ ಪ್ರತಿ ಬೇಕೆಂದು ಬರೆದುಕೊಟ್ಟರೆ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮ ವೈದ್ಯರಿಗಿದೆ.

ಈ ವಾರವೇ ಮಾಡಿಡಬಹುದಾದ ಕೆಲಸ ಒಂದಿದೆ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿ: ರಾತ್ರಿಯೂ ಇಸಿಜಿ ಆಗುವ ಹತ್ತಿರದ ಜಾಗ, ಸಿಟಿ ಸ್ಕ್ಯಾನ್ ಇರುವ ಹತ್ತಿರದ ಜಾಗ, ರಕ್ತನಿಧಿ ಇರುವ ಆಸ್ಪತ್ರೆ, ಮತ್ತು ನಡುರಾತ್ರಿ ಕರೆದರೆ ಬರುವ ಇಬ್ಬರು ಕಾರಿನವರ ನಂಬರು. ಪ್ರತಿಯೊಂದು ಜಾಗಕ್ಕೂ ನಿಮ್ಮ ಮನೆಯಿಂದ ಎಷ್ಟು ನಿಮಿಷ ಎಂದು ಪಕ್ಕದಲ್ಲಿ ಬರೆಯಿರಿ. ಆರು ತಿಂಗಳಿಗೊಮ್ಮೆ ಫೋನ್ ಮಾಡಿ ಸರಿಯಿದೆಯೇ ನೋಡಿ, ಡಾಕ್ಟರು ವರ್ಗವಾಗಿರುತ್ತಾರೆ, ಯಂತ್ರ ಕೆಟ್ಟಿರುತ್ತದೆ.